ಹೊಸ್ತಿಲು ನೋಡಿ ಒಳಗೆ ಬರುವ ಸರ್

ನಮ್ಮ ಸರ್ ಯಾರ ಮನೆಗೆ ಹೋದರೂ ನೆಟ್ಟಗೆ ಒಳಗೆ ಬಂದವರಲ್ಲ. ಬಾಗಿಲಲ್ಲಿ ನಿಂತು ಮೊದಲು ಹೊಸ್ತಿಲು ನೋಡುತ್ತಿದ್ದರು. ಅದು ಕಲ್ಲಿನದಾಗಿದ್ದರೆ ಅಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. ಪಾಪ, ಚಪ್ಪಲಿ ಬಿಡಲು ಅಂಜುತ್ತಿದ್ದಾರೆ ಅಂದುಕೊಂಡು ಮನೆಯವರು "ಅಲ್ಲೇ ಬಿಡ್ರಿ ಸರ್, ನಮ್ಮ ಓಣ್ಯಾಗ ಯಾರೂ ಒಯ್ಯಂಗಿಲ್ಲ" ಎಂದು ಧೈರ್ಯ ಹೇಳುತ್ತಿದ್ದರು. ಸರ್ ಎದ್ದು, ಮೊಳಕಾಲಿನ ಧೂಳು ಝಾಡಿಸಿಕೊಂಡು, "ಈ ಕಲ್ಲ ಎಲ್ಲಿಂದ ತಂದಿದ್ರಿ?" ಎಂದು ಕೇಳಿದ ಮೇಲೆಯೇ ನಮಸ್ಕಾರ ಹೇಳುತ್ತಿದ್ದದ್ದು.

ನಮ್ಮ ಸೀಮೆಯಲ್ಲಿ ಹಳೆಯ ಗುಡಿಯ ಕಲ್ಲು, ಅಕ್ಷರದ ಕಲ್ಲು ಎಲ್ಲೆಲ್ಲಿ ಹೋಗಿ ಸೇರಿಕೊಂಡಿವೆ ಎಂಬುದು ಗೊತ್ತಿದ್ದವರಿಗೆ ಇದೇನು ಹುಚ್ಚಾಟವಲ್ಲ. ಹೊಸ್ತಿಲಾಗಿ, ಬಾವಿಯ ಮೆಟ್ಟಿಲಾಗಿ, ಬಚ್ಚಲ ಹಾಸಾಗಿ, ಎಮ್ಮೆ ಕಟ್ಟುವ ಗೂಟವಾಗಿ ಅವು ನಮ್ಮ ಜೊತೆಗೇ ಬಾಳುವೆ ಮಾಡುತ್ತಿವೆ. ಆದರೆ ಸರ್ ಹೊತ್ತು ಗೊತ್ತು ನೋಡುತ್ತಿರಲಿಲ್ಲ ಎಂಬುದೂ ಖರೆ. ಅವರ ತಂಗಿಯ ಮಗಳಿಗೆ ಗಂಡು ನೋಡಲು ಶಿರಹಟ್ಟಿಗೆ ಹೋದಾಗ ಎಲ್ಲರೂ ಪಡಸಾಲೆಯಲ್ಲಿ ಅವಲಕ್ಕಿ ತಿನ್ನುತ್ತಿದ್ದರೆ ಇವರು ಹಿತ್ತಲಿಗೆ ಹೋದವರು ಒಂದು ತಾಸು ಬರಲೇ ಇಲ್ಲವಂತೆ. ಬಂದಾಗ ಎರಡೂ ತೋಳು ಒದ್ದೆ. ಹೊರಗೆ ಬಂದು ತಂಗಿ "ಅಣ್ಣಾ, ಹುಡುಗ ಹೆಂಗ ಅನಸಿದಾ?" ಎಂದು ಕೇಳಿದರೆ, "ಹುಡುಗನ್ನ ನಾ ಸರಿಯಾಗಿ ನೋಡ್ಲಿಲ್ಲವಾ. ಬಚ್ಚಲ ಕಲ್ಲ ಮಾತ್ರ ಭಾಳ ಚಲೋ ಐತಿ, ಸಂಬಂಧ ಬಿಡಬ್ಯಾಡ" ಅಂದರಂತೆ. ಸಂಬಂಧ ಕೂಡಿತು. ಹುಡುಗನೂ ಒಳ್ಳೆಯವನೇ ಆಗಿದ್ದ, ಅದು ಅವರ ಪುಣ್ಯ.

ಈ ಕಥೆಗಳನ್ನೆಲ್ಲ ನನಗೆ ಹೇಳಿದವರು ಸರ್ ಅವರ ಹೆಂಡತಿ. ಅವರನ್ನು ನಾನು ಬಾಯಾರು ಅನ್ನುತ್ತಿದ್ದೆ. ಬೆಟಗೇರಿಯಲ್ಲಿ ಅವರು ಮನೆ ಕೊಂಡದ್ದೇ ಹಿತ್ತಲಲ್ಲಿದ್ದ ಅರಿಬಿ ಒಗೆಯುವ ಕಲ್ಲಿನ ಮೇಲೆ ಅರ್ಧ ಸಾಲು ಹಳಗನ್ನಡ ಇತ್ತು ಎಂಬ ಕಾರಣಕ್ಕೆ. ಕೊಂಡ ಮರುದಿನದಿಂದ ಆ ಕಲ್ಲಿನ ಮೇಲೆ ಒಗೆಯುವುದು ಬಂದ್. "ಈ ಮನ್ಯಾಗ ಕಲ್ಲಿಗಿದ್ದ ಮರ್ಯಾದಿ ನನಗಿಲ್ಲ ನೋಡವಾ" ಎಂದು ಬಾಯಾರು ನನ್ನೆದುರು ಹೇಳಿದಾಗ ಸರ್ ತಲೆ ಎತ್ತಿ, "ನಿನ್ನ ವಯಸ್ಸು ಎಷ್ಟು, ಅದರ ವಯಸ್ಸು ಎಷ್ಟು?" ಅಂದಿದ್ದರು. ಬಾಯಾರು ಅವತ್ತು ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಸರ್‌ಗೆ ಅದು ಗೊತ್ತೂ ಆಗಲಿಲ್ಲ.

ಹೋದ ತಿಂಗಳು ಸರ್ ತೀರಿಕೊಂಡರು. ಗದಗಿನಲ್ಲಿ ಶೋಕಸಭೆ ಮಾಡಿದರು. ಒಬ್ಬರು ಎದ್ದು "ಅವರು ಜ್ಞಾನದ ಗಣಿ" ಅಂದರು. ಇನ್ನೊಬ್ಬರು "ನಡೆದಾಡುವ ವಿಶ್ವಕೋಶ" ಅಂದರು. ಸರ್ ಅಲ್ಲಿ ಕೂತಿದ್ದರೆ "ಯಾವ ಗಣಿ? ಎಲ್ಲೈತಿ? ಏನ್ ಸಿಗತೈತಿ ಅದರಾಗ?" ಎಂದು ಕೇಳಿ ಸಭೆ ಕೆಡಿಸುತ್ತಿದ್ದರು. ನನಗೂ ಮಾತಾಡಲು ಹೇಳಿದರು. ಎರಡು ಮಾತು ಹೇಳಿ ಕೂತುಬಿಟ್ಟೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲಕ್ಷ್ಮೇಶ್ವರದವಳು. ನಮ್ಮದು ನದಾಫರ ಮನೆತನ. ತಲೆತಲಾಂತರದಿಂದ ಹತ್ತಿ ಹಿಂಜಿ ಗಾದಿ ಹೊಲಿಯುವವರು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಗದಗ ಧಾರವಾಡದಿಂದ ಬೇರೆಯಾಗಿ ಹೊಸ ಜಿಲ್ಲೆಯಾಗಿತ್ತು, ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲೇ ಎಂ.ಎ. ತರಗತಿ ಸಿಕ್ಕಿತ್ತು. ಇತಿಹಾಸ ತೆಗೆದುಕೊಂಡೆ, ಅದನ್ನು ಕಲಿಸುತ್ತಿದ್ದವರು ಸರ್. ಅಪ್ಪ ಗಿರಾಕಿಗಳ ಮುಂದೆ "ನಮ್ಮ ಹುಡಿಗಿ ಸತ್ತವರ ಲೆಕ್ಕಾ ಕಲಿಯಾಕತ್ತಾಳ" ಎಂದು ಹೇಳಿ ನಗುತ್ತಿದ್ದ. ಒಳಗೊಳಗೇ ಭಾರೀ ಹೆಮ್ಮೆ ಇತ್ತು ಅವನಿಗೆ.

ಹೊಸ ಜಿಲ್ಲೆಯಾದ ಕೂಡಲೇ ಎಲ್ಲ ಊರಿಗೂ ಹಳೆಯ ಇತಿಹಾಸ ಬೇಕಾಗಿಬಿಟ್ಟಿತ್ತು. ಜಿಲ್ಲೆಯ ಬಗ್ಗೆ ಪುಸ್ತಕ ಬರುತ್ತದಂತೆ, ನಮ್ಮೂರಿನದೂ ಒಂದು ಪುಟ ಇರಲಿ ಎಂದು ಮಂದಿ ಸರ್ ಮನೆಗೆ ಬರುತ್ತಿದ್ದರು. ಅಸುಂಡಿ ಕಡೆಯ ಹಿರಿಯರೊಬ್ಬರು ಬಂದು "ನಮ್ಮೂರಿಗೆ ಯಾರಾದ್ರೂ ರಾಜಾ ಬಂದು ಹೋಗ್ಯಾನೇನ್ರಿ?" ಅಂದರು. "ಗೊತ್ತಿಲ್ರಿ" ಅಂದರು ಸರ್. "ಬಂದಿರಬಹುದು ಅಂತ ಬರೀಬಹುದಲ್ರಿ?" "ಬಂದಿಲ್ಲದೆ ಇರಬಹುದು ಅಂತನೂ ಬರೀಬಹುದ್ರಿ." ಆ ಹಿರಿಯರು ಕೂತು ಸರ್ ಜೊತೆ ಊರ ಬಾವಿಗಳ ಬಗ್ಗೆ ಮಾತಾಡಿ, ರಾಜನನ್ನು ಮರೆತು ಮನೆಗೆ ಹೋದರು.

ಎರಡನೆಯ ವರ್ಷ ಒಂದು ಪತ್ರಿಕೆಯ ಬದಲು ಪ್ರಬಂಧ ಬರೆಯುವ ಅವಕಾಶವಿತ್ತು. ನನ್ನ ಮಾರ್ಗದರ್ಶಕರು ಸರ್. ಲಕ್ಷ್ಮೇಶ್ವರದ ಮೇಲೆ ಬರೆಯುತ್ತೇನೆ ಎಂದು ಹೋದೆ.

"ಯಾಕ?"

"ನಮ್ಮೂರ್ರಿ ಸರ್. ಪುಸ್ತಕಾನೂ ಭಾಳ ಅದಾವ್ರಿ."

"ಪುಸ್ತಕ ಭಾಳ ಅದಾವಂದ್ರ ನೀ ಯಾಕ ಬೇಕು ಅಲ್ಲಿ? ನಿನಗ ಗೊತ್ತಿಲ್ಲದ್ದು ಯಾವುದು ಹೇಳು."

ಗೊತ್ತಿಲ್ಲದ್ದನ್ನು ಹೇಳು ಎಂದರೆ ಏನು ಹೇಳುವುದು! ಬಾಯಿಗೆ ಬಂದದ್ದನ್ನು ಹೇಳಿದೆ: ಮುಂಡರಗಿ ಹಾದಿಯಲ್ಲಿ ಬಸ್ಸಿನಿಂದ ಕಾಣುವ ವೀರಗಲ್ಲುಗಳು, ಅವು ಯಾಕೆ ಕೆಲವು ಊರ ಮುಂದೆ ಇವೆ, ಕೆಲವು ಊರ ಮುಂದೆ ಇಲ್ಲ ಎಂಬುದು ಗೊತ್ತಿಲ್ಲ. ಸರ್ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಹಾಂ. ಇದು ನನಗೂ ಪೂರ್ತಿ ಗೊತ್ತಿಲ್ಲ. ಕುಂಡ್ರು."

ಹೀಗೆ ನನ್ನ ಕೊರಳಿಗೆ ಬಿದ್ದ ವಿಷಯ ಮುಂಡರಗಿ ತಾಲೂಕಿನ ತುರುಗೊಳ್ ಕಲ್ಲುಗಳು. ತುರುಗೊಳ್ ಅಂದರೆ ಹಿಂದೆ ಪರ ಊರಿನವರು ಬಂದು ದನ ಹೊಡೆದುಕೊಂಡು ಹೋಗುತ್ತಿದ್ದದ್ದು. ಆ ದನ ಬಿಡಿಸಲು ಕಾದಾಡಿ ಸತ್ತವನ ನೆನಪಿಗೆ ಊರವರು ಕಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಹೆಣ್ಣುಗಳು, ಮೇಲೆ ಸ್ವರ್ಗ.

ಸರ್ ಜೊತೆ ಕಲ್ಲು ನೋಡುವುದೆಂದರೆ ಹೊತ್ತು ಕಳೆಯುವುದು. ಬಗಲ ಚೀಲದಲ್ಲಿ ಒಂದು ನೀರಿನ ಬಾಟಲಿ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬಾಯಾರ ಹಳೆಯ ಸೀರೆಯ ತುಂಡು. ಕಲ್ಲಿಗೆ ನೀರು ಹಾಕುವುದು, ಒರೆಸುವುದು, ಬಿಸಿಲು ಓರೆಯಾಗಿ ಬೀಳುವವರೆಗೆ ಸುಮ್ಮನೆ ಕೂಡುವುದು. ಕೂತಾಗಲೂ ಬಾಯಿ ಸುಮ್ಮನಿರಬೇಕಲ್ಲ. ಹೋಗುವವರು ಬರುವವರನ್ನೆಲ್ಲ ಕರೆದು ಪ್ರಶ್ನೆ. ಬಸ್ಸಿನ ಕಂಡಕ್ಟರನನ್ನೂ ಬಿಟ್ಟವರಲ್ಲ: "ಇಲ್ಲಿ ಊರಿಲ್ಲ, ಗಿಡ ಇಲ್ಲ, ಬಸ್ ಯಾಕ ನಿಲ್ಲಸ್ತೀರಿ?" ಅವನು "ಮೊದಲಿಂದ ನಿಲ್ಲಸ್ತೀವ್ರಿ" ಅಂದರೆ, "ಮೊದಲು ಅಂದ್ರ ಯಾವಾಗಿಂದ?" ಹಿಂದೆ ಕೂತ ಮುದುಕನೊಬ್ಬ ಅಲ್ಲೊಂದು ಸಿಹಿನೀರಿನ ಬಾವಿ ಇತ್ತು, ಚಕ್ಕಡಿಯವರು ಎತ್ತಿಗೆ ನೀರು ಕುಡಿಸಲು ನಿಲ್ಲುತ್ತಿದ್ದರು ಎಂದು ಹೇಳಿದ. ಸರ್ ಮುಖ ನೋಡಬೇಕಿತ್ತು, ಹಬ್ಬದೂಟ ಉಂಡವರ ಹಾಗೆ.

ಆದರೆ ಅವರ ನಿಜವಾದ ಕಾಟ ಬೇರೆಯೇ ಇತ್ತು. ನಾನು ಬರೆದ ಅಧ್ಯಾಯವನ್ನು ಅವರು ಮೇಜಿನ ಮುಂದೆ ಕೂತು ಓದುತ್ತಿರಲಿಲ್ಲ. ಯಾವ ಊರಿನ ಬಗ್ಗೆ ಬರೆದಿದ್ದೇನೋ ಆ ಊರಿಗೆ ಕರೆದುಕೊಂಡು ಹೋಗಿ, ಗುಡಿ ಕಟ್ಟೆಯ ಮೇಲೆ ಕೂಡಿಸಿ, ಊರವರ ಮುಂದೆ ಓದಿಸುತ್ತಿದ್ದರು. "ಯಾರ ಬಗ್ಗೆ ಬರದೀಯೋ ಅವರ ಮುಂದ ಓದಾಕ ನಾಚಿಕಿ ಬಂದ ಸಾಲು ತಗದ ಹಾಕು" ಎನ್ನುವುದು ಅವರ ನಿಯಮ. ಮೊದಲ ಸಲ ಓದಿದಾಗ "ಸಾಮಂತಶಾಹಿ ವ್ಯವಸ್ಥೆಯ ಆರ್ಥಿಕ ತಳಹದಿ" ಎಂದು ಶುರು ಮಾಡಿದೆ. ಒಬ್ಬ ಆಕಳಿಸಿದ. ಇನ್ನೊಬ್ಬ ಎದ್ದು ಹೋದ. ಒಬ್ಬ ಹಿರಿಯ ಕೈ ಮುಗಿದು "ಯವ್ವಾ, ಇದು ನಮ್ಮೂರ ಸುದ್ದಿ ಏನು?" ಎಂದು ಕೇಳಿದ. ಸರ್ ಹೊಟ್ಟೆ ಹಿಡಿದು ನಕ್ಕರು. ಆ ರಾತ್ರಿ ಅತ್ತು, ಬೆಳಿಗ್ಗೆ ಎದ್ದು ಆ ಅಧ್ಯಾಯವನ್ನು ಮೊದಲಿನಿಂದ ಬರೆದೆ.

ಊರವರು ಹೇಳಿದ್ದನ್ನೆಲ್ಲ ಸರ್ ಒಪ್ಪುತ್ತಿದ್ದರು ಅಂತಲ್ಲ. ಬಾಳೆಹೊಸೂರಿನಲ್ಲಿ ಒಬ್ಬರು ತಮ್ಮ ಹೊಲದ ಕಲ್ಲು ಪಾಂಡವರು ನಿಲ್ಲಿಸಿದ್ದು ಅಂದಾಗ, "ಐದೂ ಮಂದಿ ಬಂದಿದ್ರೋ, ಒಬ್ಬರ ಬಂದಿದ್ರೋ?" ಎಂದು ಬಹಳ ಗಂಭೀರವಾಗಿ ವಿಚಾರಿಸಿದ್ದರು.

ಈಗ ಆ ಕಲ್ಲಿನ ವಿಷಯಕ್ಕೆ ಬರುತ್ತೇನೆ. ಮುಂಡರಗಿಯಿಂದ ಹಮ್ಮಿಗಿಗೆ ಹೋಗುವ ಸೀಮೆಯಲ್ಲಿ ಎರಡು ಊರು. ಹೆಸರು ಹೇಳುವುದಿಲ್ಲ, ಇಬ್ಬರ ನಡುವೆ ಬೆಂಕಿ ಹಚ್ಚಿದ ಅಪವಾದ ನನಗೆ ಬೇಡ. ಒಂದು ಗುಡ್ಡದ ಬದಿಗಿದೆ, ಇನ್ನೊಂದು ಹೊಳೆಯ ಬದಿಗೆ. ಗುಡ್ಡದೂರಿನ ಗುಡಿಯ ಹಿಂದಿನ ಗೋಡೆಗೆ ಒರಗಿಸಿದ ದೊಡ್ಡ ವೀರಗಲ್ಲೊಂದಿತ್ತು. ಈ ಊರ ತುರು ಬಿಡಿಸಿ ಸತ್ತ ಎಂದಷ್ಟೇ ಅದರ ಬರಹ ಹೇಳುತ್ತದೆ. ಊರ ಹೆಸರು ಹೇಳುವುದಿಲ್ಲ. ಸರ್ ಹರೆಯದಲ್ಲಿ, ಸೈಕಲ್ ಮೇಲೆ ಎರಡು ಬೇಸಿಗೆ ತಿರುಗಿ, ಆ ಕಲ್ಲಿನ ಮೇಲೆ ಒಂದು ಲೇಖನ ಬರೆದಿದ್ದರು. ಕಲ್ಲು ಗುಡ್ಡದೂರಿನಲ್ಲಿದೆ, ಆದ್ದರಿಂದ ದನ ಕದಿಯುವವರು ಗುಡ್ಡದ ಸಂದಿನಿಂದ ಬರುತ್ತಿದ್ದರು, ಹಳೆಯ ದಾರಿ ಅಲ್ಲೇ ಇತ್ತು ಎಂಬುದು ಅದರ ತಿರುಳು. ಆ ಒಂದೇ ಲೇಖನ ಸರ್ ಅವರ ಹೆಸರನ್ನು ಜಿಲ್ಲೆಯಾಚೆಗೆ ಒಯ್ದಿತ್ತು. ಆಮೇಲೆ ಬರೆದವರೆಲ್ಲ ಅದನ್ನೇ ಎತ್ತಿ ಬರೆದರು. ಹೊಸ ಜಿಲ್ಲೆಯಾದ ಮೇಲೆ ಊರವರು ಕಲ್ಲಿನ ಪಕ್ಕ ಫಲಕ ಹಾಕಿ ಅದರ ಸಾಲುಗಳನ್ನೇ ಬರೆಸಿದ್ದರು. ಆ ವರ್ಷದ ಕೊನೆಗೆ ಸರ್ ನಿವೃತ್ತರಾಗುವವರಿದ್ದರು. ಹಳೆಯ ವಿದ್ಯಾರ್ಥಿಗಳು ಅಭಿನಂದನ ಗ್ರಂಥ ತರುತ್ತಿದ್ದರು, ಅದರ ಮೊದಲ ಲೇಖನ ಅದೇ. ನನ್ನ ಪ್ರಬಂಧದ ಮೂರನೆಯ ಅಧ್ಯಾಯವೂ ಅದರ ಮೇಲೆಯೇ ನಿಂತಿತ್ತು.

ಹೊಳೆಯೂರಿನಲ್ಲಿ ಸಣ್ಣ ಕಲ್ಲುಗಳೆರಡು ಇದ್ದವು, ಅವನ್ನು ನೋಡುವುದು ಬಾಕಿಯಿತ್ತು. ಸರ್‌ಗೆ ಪರೀಕ್ಷೆಯ ಕೆಲಸ. ಒಬ್ಬಳನ್ನೇ ಹೇಗೆ ಕಳಿಸುವುದು ಎಂದು ಬಾಯಾರು ತಾವೇ ಬುತ್ತಿ ಕಟ್ಟಿಕೊಂಡು ಹೊರಟರು. ಆ ಊರಲ್ಲಿ ನಮ್ಮನ್ನು ಕೂಡಿಸಿ ಮಜ್ಜಿಗೆ ಕೊಟ್ಟವಳು ಒಬ್ಬ ಮುದುಕಿ. ಗುಡ್ಡದೂರಿನ ಮಗಳು, ಹೊಳೆಯೂರಿನ ಸೊಸೆ. ನಾನು ಮಾತಿಗೆ "ನಿಮ್ಮ ತವರೂರಾಗ ದೊಡ್ಡ ಕಲ್ಲ ಐತಲ್ರೀ ಅಜ್ಜಿ" ಅಂದದ್ದೇ ತಡ, ಮುದುಕಿ ನಕ್ಕಳು.

"ಐತಿ ಬಿಡವಾ. ಆ ಕಲ್ಲಿನ ಸಲುವಾಗಿ ನಮ್ಮತ್ತಿ ಕೈಯಾಗ ನಾ ತಿಂದ ಮಾತು ಒಂದ ಎರಡ?"

"ಯಾಕ್ರೀ?"

"ಕಲ್ಲ ಈ ಊರಿಂದು. ಶರ್ತು ಹಾಕಿ ಸೋತರು. ನಮ್ಮ ತವರಿನವರು ಎತ್ತ ಹೂಡಿ ಜಗ್ಗಿಕೊಂಡ ಹ್ವಾದ್ರು."

ಕಥೆ ಹೀಗೆ. ಅವಳ ಅಜ್ಜನ ಕಾಲದಲ್ಲಿ ಎರಡೂ ಊರಿಗೆ ಎತ್ತಿನ ಜಂಬ. ಕಲ್ಲು ಜಗ್ಗುವ ಶರ್ತು ನಮ್ಮ ಕಡೆ ಇಂದಿಗೂ ಇದೆ. ಆಗ ಹೊಳೆಯೂರಿನವರು ತಮ್ಮ ಊರ ಹಳೆಯ ಅಗಸಿಬಾಗಿಲ ಮುಂದೆ ಹೂಳಿದ್ದ ಆ ಕಲ್ಲನ್ನೇ ತೋರಿಸಿ, ಇದನ್ನು ನಿಮ್ಮ ಎತ್ತು ನಿಮ್ಮ ಸೀಮೆಗೆ ಮುಟ್ಟಿಸಿದರೆ ಕಲ್ಲು ನಿಮ್ಮದೇ ಅಂದರಂತೆ. ಮುಟ್ಟಿಸಿದರು. ಗೆದ್ದ ಕಲ್ಲನ್ನು ಗುಡಿಯ ಗೋಡೆಗೆ ನಿಲ್ಲಿಸಿ ಎಣ್ಣೆ ಹಚ್ಚಿದರು.

ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ. "ಅಜ್ಜಿ, ನಮ್ಮ ಸರ್ ಬಂದಾಗ ಅಲ್ಲಿ ಯಾರೂ ಇದನ್ನ ಹೇಳಿಲ್ಲಲ್ರೀ?"

"ಏನ್ ಕೇಳಿದ್ರು?"

"ಈ ಕಲ್ಲ ನಿಮ್ಮೂರಿಂದೇನು ಅಂತ ಕೇಳ್ಯಾರ್ರಿ."

"ಹೂಂ ಅಂದಿರತಾರ. ಗೆದ್ದ ತಂದಿದ್ದು ಅವರದ ಅಲ್ಲೇನು? ಗೆದ್ದವರು ಮರೀತಾರವಾ. ಸೋತ ಮನ್ಯಾಗ ಮೊಮ್ಮಕ್ಕಳಿಗೂ ಗೊತ್ತಿರತೈತಿ."

ಅಷ್ಟಕ್ಕೇ ನಿಲ್ಲದೆ, ಆ ಕಲ್ಲಿನ ಮೇಲಿನ ವೀರ ತನ್ನ ಗಂಡನ ಮನೆಯ ಹಿರಿಯನೆಂದೂ, ಮೀಸೆ ಥೇಟ್ ತನ್ನ ಗಂಡನದೇ ಎಂದೂ ಹೇಳಿದಳು. ಕಲ್ಲಿನ ಮುಖ ಸವೆದು ಎಷ್ಟೋ ಕಾಲವಾಗಿದೆ, ಮೀಸೆಯೆಲ್ಲಿ ಬಂತು! ಹೀಗಾಗಿ ಯಾವುದನ್ನು ನಂಬುವುದು, ಯಾವುದನ್ನು ಬಿಡುವುದು ತಿಳಿಯಲಿಲ್ಲ.

ಮರಳುವ ದಾರಿಯಲ್ಲಿ ಬಾಯಾರು ಬುತ್ತಿ ಬಿಚ್ಚಲೇ ಇಲ್ಲ. "ಅವರಿಗೆ ನಾ ಹೇಳಂಗಿಲ್ಲವಾ. ಮದಿವಿ ಆದಾಗಿಂದ ಆ ಲೇಖನದ ಸಂಗಾಟ ಸಂಸಾರ ಮಾಡೀನಿ. ಹೇಳೂದಾದ್ರ ನೀನ ಹೇಳು. ಇಲ್ಲಾ, ಅವರು ರಿಟೈರ್ ಆಗೂತನಾ ತಡಿ."

ತಡೆದರೆ ನನ್ನ ಪ್ರಬಂಧ ಸುಳ್ಳಾಗುತ್ತದೆ. ಹೇಳಿದರೆ ಸರ್ ಅವರ ಜೀವಮಾನದ ಒಂದು ಕೆಲಸ ಸುಳ್ಳಾಗುತ್ತದೆ. ಅದೂ ಹೋಗಲಿ, ಮಾರ್ಗದರ್ಶಕರ ಸಹಿ ಇಲ್ಲದೆ ಪ್ರಬಂಧವನ್ನು ಯಾರೂ ಮುಟ್ಟುವುದಿಲ್ಲ. ಅಪ್ಪನಿಗೆ ಹೇಳಿದೆ. ಅವನು ಸೂಜಿ ಕೆಳಗಿಟ್ಟು, "ದೊಡ್ಡವರ ಸುದ್ದಿ ಬ್ಯಾಡ, ಪಾಸಾಗಿ ಮನಿಗೆ ಬಾ" ಅಂದ. ನನಗೂ ಅದೇ ಬೇಕಿತ್ತು. ಆದರೂ ಮರುದಿನ ಸರ್ ಮುಂದೆ ಹೋಗಿ ನಿಂತಾಗ ಬಾಯಿ ತನ್ನಷ್ಟಕ್ಕೆ ಎಲ್ಲ ಹೇಳಿಬಿಟ್ಟಿತು.

ಸರ್ ಪೂರ್ತಿ ಕೇಳಿಸಿಕೊಂಡರು. ಮುಗಿದ ಮೇಲೆ ಒಂದೇ ಮಾತು: "ಆ ಕಲ್ಲಿನ ಬುಡ ಮುರದೈತಿ. ಮುರಿದ ತುಂಡು ಎಲ್ಲೈತಿ ಅಂತ ಕೇಳಿದಿಯೇನು?"

ಕೇಳಿರಲಿಲ್ಲ. ಆ ರವಿವಾರವೇ ಹೊರಟೆವು. ಎತ್ತು ಜಗ್ಗಿದಾಗ ಕಲ್ಲು ಮುರಿದಿದ್ದರೆ ಅದರ ಬುಡ ಮೊದಲು ಹೂಳಿದ್ದಲ್ಲೇ ಉಳಿದಿರಬೇಕು. ಕಾಲಾಂತರದಲ್ಲಿ ಮುರಿದಿರಬಹುದು ಎಂದು ಬರೆದು ತಾವು ಮುಂದೆ ಹೋಗಿಬಿಟ್ಟಿದ್ದಾಗಿ ಬಸ್ಸಿನಲ್ಲಿ ಸರ್ ಹೇಳಿದರು. ಗುಡ್ಡದೂರಿನಲ್ಲಿ ಕಲ್ಲಿನ ಕೆಳ ಅಂಚಿನ ಎಣ್ಣೆಯ ಜಿಡ್ಡನ್ನು ಸೀಗೆಪುಡಿ ಹಾಕಿ ತೊಳೆದೆವು. ದಪ್ಪ ಕಾಗದವನ್ನು ಒದ್ದೆ ಮಾಡಿ ಅಂಟಿಸಿ, ಬ್ರಷ್ಷಿನಿಂದ ಬಡಿದು, ಒಣಗಿದ ಮೇಲೆ ಮಸಿ ಒತ್ತಿದೆವು. ಶಾಸನದ ಅಚ್ಚು ತೆಗೆಯುವುದೇ ಹಾಗೆ. ನಾವು ಅಕ್ಷರ ಬಿಟ್ಟು ಮುರಿದ ಅಂಚಿನ ಅಚ್ಚು ತೆಗೆದೆವು. ಏರಿಳಿತದ ಗೆರೆ ಮೂಡಿತು. ನಮ್ಮಪ್ಪ ಗಾದಿಗೆ ಅರಿವೆ ಕತ್ತರಿಸಿದ ಹಾಗೆ ಆ ಗೆರೆಯುದ್ದಕ್ಕೂ ನಾನು ಕತ್ತರಿ ಆಡಿಸಿದೆ.

ಹೊಳೆಯೂರಿನಲ್ಲಿ ಮುದುಕಿ ಅಗಸಿಯ ಎಡಗಡೆ ಅಂದಳು. ಎಡಗಡೆ ಏನೂ ಇರಲಿಲ್ಲ. ಊರ ಹುಡುಗರು, ಗಂಡಸರು ಸೇರಿ ಗುದ್ದಲಿಯಿಂದ ಕೆದರಿದ್ದೇ ಕೆದರಿದ್ದು. ಹೊತ್ತು ಇಳಿಯುವಾಗ ಬಲಗಡೆಯ ಜಾಲಿಗಿಡದ ಬುಡದಲ್ಲಿ, ಮಣ್ಣಿನಲ್ಲಿ ಅರ್ಧ ಹೂತ ಒಂದು ಮೋಟು ಕಲ್ಲು ಸಿಕ್ಕಿತು. ಸರ್ ನೆಲಕ್ಕೆ ಬೋರಲು ಮಲಗಿದರು. ಬಿಳಿ ಅಂಗಿ, ಕೆಂಪು ಮಣ್ಣು, ಅದರ ಖಬರೇ ಇರಲಿಲ್ಲ ಅವರಿಗೆ. ಕಾಗದದ ಅಂಚನ್ನು ಮೋಟಿನ ಅಂಚಿಗೆ ಹಿಡಿದರು. ಒಂದು ಕಡೆ ಚೂರು ಹಾರಿಹೋಗಿತ್ತು, ಉಳಿದದ್ದೆಲ್ಲ ಕೂಡಿತು. ಪ್ರತಿ ತಗ್ಗೂ ಪ್ರತಿ ಉಬ್ಬೂ ಕೂಡಿತು.

"ಬಾ ಇಲ್ಲಿ, ನೋಡು ನೋಡು, ಹೆಂಗ ಕುಂತೈತಿ" ಎಂದು ಅವರು ನನ್ನ ಕೈ ಹಿಡಿದು ಎಳೆದರು. ತಮ್ಮ ಲೇಖನ ಅಲ್ಲಿಗೆ ಮುಗಿಯಿತು ಎಂಬುದು ಆ ಗಳಿಗೆಯಲ್ಲಿ ಅವರ ತಲೆಯಲ್ಲಿ ಇರಲೇ ಇಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಬಸ್ಸಿನಲ್ಲಿ ಕೂತ ಮೇಲೆ ಅದು ತಲೆಗೆ ಬಂತು. ಕಿಟಕಿಯ ಕಡೆ ಮುಖ ಮಾಡಿದವರು ಗದಗ ಬರುವವರೆಗೆ ಕಂಡಕ್ಟರನನ್ನೂ ಏನೂ ಕೇಳಲಿಲ್ಲ.

ಮೂರನೆಯ ಅಧ್ಯಾಯ ಹೊಸದಾಗಿ ಬರೆದೆ. ದನ ಕದಿಯುವವರು ಗುಡ್ಡದಿಂದಲ್ಲ, ಹೊಳೆ ದಾಟಿ ಬಂದಿರಬೇಕು ಎಂದು ಬರೆದೆ. ಸರ್ ಹೆಸರು ಹಾಕಲು ಕೈ ಬರಲಿಲ್ಲ. "ಕೆಲವು ವಿದ್ವಾಂಸರು ಬೇರೆ ರೀತಿ ಭಾವಿಸಿದ್ದುಂಟು" ಎಂದು ಬರೆದು ಕೊಟ್ಟೆ. ಸರ್ ಇಸಿದುಕೊಂಡು ಚೀಲದಲ್ಲಿ ಇಟ್ಟುಕೊಂಡರು. ದಿನ ಹೋದವು, ವಾರ ಹೋದವು. ಜೊತೆಯವರೆಲ್ಲ ಪ್ರಬಂಧ ಕಟ್ಟಿಸಿ ಒಪ್ಪಿಸಿದರು. ಕೇಳಲು ಮನೆಗೆ ಹೋದರೆ ಸರ್ ಅಟ್ಟದ ಮೇಲೆ. ಬಾಯಾರು ದನಿ ತಗ್ಗಿಸಿ, "ಊಟಾ ಸರಿ ಮಾಡವಲ್ರು. ಸೈಕಲ್ ಮ್ಯಾಲೆ ತಿರಗ್ಯಾಡಿದ ಕಾಲದ ನಕಾಶಿ ತಗದ ಇಟ್ಟಗೊಂಡ ಕುಂಡರತಾರ" ಅಂದರು. ನನ್ನ ಎಂ.ಎ. ಹೋಯಿತು ಎಂದೇ ತಿಳಿದೆ. ಹೋದರೆ ಹೋಗಲಿ, ಈ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇಂಥ ನೋವು ಕೊಟ್ಟೆನಲ್ಲ ಎಂದು ಅದಕ್ಕಿಂತ ಹೆಚ್ಚು ಅನಿಸಿತು.

ಒಪ್ಪಿಸುವ ಕೊನೆಯ ವಾರ ಕಾಲೇಜಿನಲ್ಲಿ ಎದುರಿಗೆ ಸಿಕ್ಕು, "ನಾಳೆ ಮುಂಜಾನೆ ಮುಂಡರಗಿ ಬಸ್ಸಿಗೆ ಬಾ. ಓದೂದೈತಿ" ಅಂದರು.

"ಎಲ್ಲಿ ಸರ್? ಹೊಳಿಯೂರಾಗ?"

"ಅಲ್ಲಿ ಏನ್ ಓದ್ತಿ, ಅವರಿಗೆ ಗೊತ್ತ ಐತಿ. ಗುಡ್ಡದೂರಾಗ."

ಗುಡಿ ಕಟ್ಟೆ ತುಂಬಿತ್ತು. ಸರ್ ಬರುತ್ತಾರೆಂದರೆ ಆ ಊರಿಗೆ ಹಬ್ಬ; ಅವರ ಊರನ್ನು ದೊಡ್ಡದು ಮಾಡಿದವರು ಅವರೇ ತಾನೆ. ಫಲಕಕ್ಕೆ ಯಾರೋ ಹೊಸ ಬಣ್ಣ ಬಳಿದಿದ್ದರು. ಊರ ಹಿರಿಯರು ಮುಂದೆ ಕೂತಿದ್ದರು. ಸರ್ ಕೆಳಗೆ, ಚಾಪೆಯ ಮೇಲೆ, ಊರವರ ನಡುವೆ ಹೋಗಿ ಕೂತರು. ನಾನು ಓದಲು ಶುರು ಮಾಡಿದೆ. ಶರ್ತಿನ ಕಥೆ ಬಂದಾಗ ಹಿಂದೆ ಕೂತ ಹಣ್ಣು ಮುದುಕನೊಬ್ಬ "ಹೌದ್ ಹೌದ್, ನಮ್ಮ ಎತ್ತು" ಎಂದು ಕೋಲು ಕುಟ್ಟಿದ. ಹುಡುಗರು ಅವನತ್ತ ತಿರುಗಿ ನೋಡಿದರು. ಅವರು ಇದನ್ನು ಕೇಳುತ್ತಿದ್ದದ್ದು ಮೊದಲ ಸಲ. ಮುರಿದ ಬುಡದ ಮಾತು ಬಂದಾಗ ಇಬ್ಬರು ಎದ್ದು ಹೋಗಿ ಕಲ್ಲಿನ ಕೆಳ ಅಂಚು ನೋಡಿ ಬಂದರು. ಕೊನೆಗೆ ಆ ಸಾಲಿಗೆ ಬಂದೆ. "ಕೆಲವು ವಿದ್ವಾಂಸರು ಬೇರೆ ರೀತಿ ಭಾವಿಸಿದ್ದುಂಟು."

"ನಿಲ್ಲು" ಅಂದರು ಸರ್. "ಕೆಲವರು ಅಂದ್ರ ಯಾರು?"

ನಾನು ಮುಂದಿನ ಹಾಳೆ ತಿರುವಲು ಹೋದೆ.

"ಎಷ್ಟ ಮಂದಿ ಅದಾರ ಆ ಕೆಲವರು?"

"ಒಬ್ಬರ ರೀ ಸರ್."

"ಹೆಸರು ಓದು."

"ಬರದಿಲ್ರಿ."

"ಬರದಿಲ್ಲ ಅಂದ್ರ ನಾಚಿಕಿ ಬಂದೈತಿ ಅಂತ. ನಾಚಿಕಿ ಬಂದ ಸಾಲು ಏನ್ ಮಾಡಬೇಕು ಅಂತ ಹೇಳೀನಿ?" ಅವರು ಎದ್ದು ಬಂದು ಕಿಸೆಯಿಂದ ಪೆನ್ನು ತೆಗೆದು ಕೊಟ್ಟರು. ಆ ಕಟ್ಟೆಯ ಮೇಲೆ, ಅಷ್ಟು ಮಂದಿಯ ಮುಂದೆ, ಆ ಸಾಲು ಹೊಡೆದು ಹಾಕಿ ಸರ್ ಅವರ ಪೂರ್ತಿ ಹೆಸರು ಬರೆದೆ. ಅವರ ಅಭಿಪ್ರಾಯ ತಪ್ಪು ಎಂದೂ ಬರೆದೆ. ಓದು ಅಂದರು. ಓದಿದೆ. ಕಣ್ಣಲ್ಲಿ ನೀರು ಬಂದು ಅರ್ಧ ಕಾಣಲಿಲ್ಲ, ಆದರೂ ಓದಿದೆ.

ಊರ ಹಿರಿಯರು ರುಮಾಲು ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡರು. "ಅಂದ್ರ ಸರ್, ಅಂವ ನಮ್ಮೂರಾಂವ ಅಲ್ಲ?"

"ಅಲ್ರಿ. ನಾ ತಪ್ಪ ಹೇಳಿದ್ದೆ."

"ಕಲ್ಲ ವಾಪಸ್ ಕೊಡಬೇಕೇನ್ರಿ ಅವರಿಗೆ?"

"ಶರ್ತು ಗೆದ್ದ ತಂದೀರಿ. ಕೊಡ್ರಿ ಅನ್ನಾಕ ನಾ ಯಾರು? ಫಲಕದ ಮ್ಯಾಲೆ ಮಾತ್ರ ಖರೇದ್ದು ಬರಸ್ರಿ."

ಹಿರಿಯರು ಕಲ್ಲಿನ ಕಡೆ ನೋಡಿದರು. "ಬರಸೂಣ್ರಿ. ಸತ್ತದ್ದು ಅಲ್ಲೇ ಇರಲಿ. ಎಣ್ಣಿ ಹಚ್ಚಿಗೊಂಡು ಬಾಳುವಿ ಮಾಡಿದ್ದು ನಮ್ಮೂರಾಗ ಅಲ್ಲೇನ್ರಿ?" ಕಟ್ಟೆಯ ಮೇಲೆ ನಗು ಎದ್ದಿತು. ಸರ್ ಕೂಡ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮುಂದೆ ಅಭಿನಂದನ ಗ್ರಂಥದಲ್ಲಿ ಆ ಲೇಖನ ಇದ್ದ ಹಾಗೇ ಬಂತು. ಅದರ ಬೆನ್ನಿಗೇ ನನ್ನ ಮೂರನೆಯ ಅಧ್ಯಾಯ ಬಂತು. ಹಾಗೆ ಹಾಕದಿದ್ದರೆ ತಮಗೆ ಗ್ರಂಥವೇ ಬೇಡ ಎಂದು ಸರ್ ಹಟ ಹಿಡಿದರಂತೆ. ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಇಂದಿಗೂ ನನ್ನನ್ನು ಕಂಡರೆ ಮುಖ ತಿರುವುತ್ತಾರೆ. ತಿರುವಲಿ.

ಅವತ್ತು ಮರಳುವಾಗ ಮುಂಡರಗಿಯಲ್ಲಿ ಬಸ್ಸು ಬದಲಿಸಿ ಕೂತೆವು. ಗಾಡಿ ಹೊರಟ ಮೇಲೆ ಸರ್ "ಸಹಿ ಹಾಕೂ ಹಾಳಿ ತಗಿ" ಅಂದರು. ಮೊಳಕಾಲ ಮೇಲೆ ಚೀಲ, ಚೀಲದ ಮೇಲೆ ಹಾಳೆ ಇಟ್ಟು ಸಹಿ ಹಾಕಿದರು. ತಗ್ಗಿನಲ್ಲಿ ಬಸ್ಸು ಹಾರಿದ್ದರ ಗುರುತು ಆ ಸಹಿಯಲ್ಲಿ ಇಂದಿಗೂ ಇದೆ. ನಾನು ಧೈರ್ಯ ಮಾಡಿ ಕೇಳಿದೆ.

"ಸರ್, ಇಷ್ಟ ದಿನಾ ನನ್ನ ಮ್ಯಾಲೆ ಸಿಟ್ಟಿತ್ತೇನ್ರಿ?"

"ಸಿಟ್ಟ ಯಾತಕ್ಕವಾ?" ಅಂದರು. "ಆ ಲೇಖನ ಬರದಾಗ ನಾ ನಿನ್ನಷ್ಟ ಇದ್ದೆ. ಆಮ್ಯಾಲೆ ಎಷ್ಟ ಮಂದಿ ಅದನ್ನ ಹೊಗಳ್ಯಾರ, ಎತ್ತಿ ಬರದಾರ. ಒಬ್ಬರಾದ್ರೂ ಬಂದು, ಸರ್, ಈ ಕಲ್ಲ ಖರೇನ ಆ ಊರಿಂದೇನು ಅಂತ ಕೇಳಲಿಲ್ಲ. ಅದಕ್ಕ ನನಗ ಒಂದ ಸಂಶಯ ಇತ್ತು. ಯಾರಿಗೂ ಹೇಳಿಲ್ಲ, ಮನ್ಯಾಗೂ ಹೇಳಿಲ್ಲ."

"ಏನ್ರಿ ಸರ್?"

"ಯಾರೂ ಓದೇ ಇಲ್ಲ ಅಂತ."

ಅವರು ಹಾಳೆ ಮಡಚದೆ ನನ್ನ ಕೈಗೆ ಕೊಟ್ಟರು.

"ನೀ ಓದಿದಿ ಬಿಡವಾ."